ಎರಡು ಪ್ರತಿಗಳ ತೊಡಕು

ಗಣಕಯಂತ್ರದ ಎಲ್ಲ ಅಂಗಗಳನ್ನೂ ಹೊಂದಿಸಿ ನಡೆಸುವ ತಂತ್ರಾಂಶದ ತಿರುಳಿಗೆ ಕರ್ನೆಲ್ ಎಂದು ಹೆಸರು. ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಅಂತಹದೊಂದು ಕರ್ನೆಲ್. ಅದು ಮೊದಲು ರಚಿತವಾದದ್ದು ಇಂಟೆಲ್ 386 ಎಂಬ 32 ಬಿಟ್ ಪ್ರೊಸೆಸರಿಗಾಗಿ.

ಪ್ರೊಸೆಸರಿನ ಅಳತೆಗಳನ್ನೂ ಲಕ್ಷಣಗಳನ್ನೂ ಕರ್ನೆಲಿನ ಉಳಿದ ಭಾಗಗಳಿಗೆ ತಿಳಿಸುವ ಕಡತಗಳಿಗೆ ಹೆಡರ್ ಎನ್ನುವರು. ಮುಂದೆ ಅದೇ ವಂಶದ 64 ಬಿಟ್ ಪ್ರೊಸೆಸರುಗಳು ಬಂದಾಗ, ಹಳೆಯ ಕಡತಗಳನ್ನೇ ಬಹುಮಟ್ಟಿಗೆ ನಕಲು ಮಾಡಿ ಬೇರೊಂದು ವಿಭಾಗವನ್ನು ಕಟ್ಟಿದರು. ತೊಡಕು ಹುಟ್ಟಿದ್ದು ಇಲ್ಲಿಯೇ. ಶಾಲೆಯ ವೇಳಾಪಟ್ಟಿಯನ್ನು ಎರಡು ಫಲಕಗಳಲ್ಲಿ ಬರೆದು ಒಂದನ್ನು ಮಾತ್ರ ತಿದ್ದಿದರೆ ಏನಾದೀತು? ಇನ್ನೊಂದನ್ನು ನೋಡಿದವರು ತಪ್ಪು ತರಗತಿಗೆ ಹೋಗುವರು. ಹಾಗೆಯೇ, ಒಂದು ಪ್ರತಿಯಲ್ಲಿ ನಿವಾರಣೆಯಾದ ದೋಷವು ಇನ್ನೊಂದರಲ್ಲಿ ಉಳಿದುಬಿಡಬಹುದು.

2007ರಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೋ ಮೋಲ್ನಾರ್ ಎಂಬವರು ಈ ಎರಡು ವಿಭಾಗಗಳನ್ನು ಒಂದುಗೂಡಿಸಲು ಮುಂದಾದರು. ಅವರು ಆತುರಪಡಲಿಲ್ಲ. ಮೊದಲು ಎರಡೂ ಕಡೆಯ ಕಡತಗಳನ್ನು ಒಂದೇ ಸ್ಥಳಕ್ಕೆ ತಂದು, ಹೆಸರಿನ ಕೊನೆಗೆ 32, 64 ಎಂಬ ಗುರುತು ಹಚ್ಚಿದರು. ಬಳಿಕವೇ ಒಂದೊಂದು ಜೋಡಿಯನ್ನು ಹೋಲಿಸಿ ಬೆಸೆಯುವ ಕಾರ್ಯ ಮೊದಲಾಯಿತು. ಸ್ಥಳಾಂತರವೂ ತಿದ್ದುಪಡಿಯೂ ಏಕಕಾಲಕ್ಕೆ ನಡೆದರೆ, ತಪ್ಪಿನ ಮೂಲವನ್ನು ಹುಡುಕುವುದು ಕಷ್ಟ. 2008ರ ಜನವರಿಯಲ್ಲಿ ಬಂದ 2.6.24ನೆಯ ಆವೃತ್ತಿಯಲ್ಲಿ ಈ ಏಕೀಕೃತ ವಿಭಾಗವು ಕಾಣಿಸಿಕೊಂಡಿತು. ಬೆಸೆಯುವ ಕಾರ್ಯವು ಅನಂತರವೂ ಸಾಗಿತು.

ಎಲ್ಲವನ್ನೂ ಒಂದಾಗಿಸಲು ಬರುವುದಿಲ್ಲ. ಸ್ಮೃತಿಯ ಒಂದು ಸಾಮಾನ್ಯ ಪುಟದ ಅಳತೆ ಎರಡರಲ್ಲಿಯೂ 4096 ಬೈಟುಗಳು. ಅದನ್ನು ಒಮ್ಮೆ ಬರೆದರೆ ಸಾಕು. ಆದರೆ ಸ್ಮೃತಿಯ ವಿಳಾಸವನ್ನು ಹಿಡಿದಿಡಲು ಒಂದಕ್ಕೆ 4 ಬೈಟು, ಇನ್ನೊಂದಕ್ಕೆ 8 ಬೈಟು ಬೇಕು. ಇಂತಹ ನಿಜವಾದ ಭೇದಗಳನ್ನು ಅಳಿಸದೆ, ಒಂದೇ ಕಡತದೊಳಗೆ ಷರತ್ತಿನೊಡನೆ ಬರೆದಿಡುವರು. ಸಮಾನವಾದುದನ್ನು ಒಂದೆಡೆ ಸೇರಿಸಿ, ಭಿನ್ನವಾದುದನ್ನು ಭಿನ್ನವಾಗಿಯೇ ಕಾಪಾಡುವ ವಿವೇಕವೇ ಈ ಕಾರ್ಯದ ಸಾರ.