ಎಳೆಯ ಸಂಶೋಧಕರೂ ರಸಾಯನಶಾಸ್ತ್ರದ ಒಬ್ಬ ಗುರುವೂ

ಕೋಲಾರದಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಾಗಲಿ ಬಿ.ಎಸ್ಸಿ. ತರಗತಿಯ ವಿದ್ಯಾರ್ಥಿಗಳು ರಸಾಯನಶಾಸ್ತ್ರದ ಪ್ರಯೋಗಶಾಲೆಯನ್ನು ಹೊಕ್ಕಾಗ, ತಮ್ಮ ಕೈಗೆ ಬಂದ ಲವಣ ಯಾವುದೆಂದು ಅವರಿಗೆ ತಿಳಿಯದಿದ್ದರೂ ಅದನ್ನು ಕೊಟ್ಟ ಅಧ್ಯಾಪಕರಿಗೆ ತಿಳಿದೇ ಇರುತ್ತದೆ. ಬ್ಯೂರೆಟ್ಟಿನ ದ್ರವ ಎಲ್ಲಿಗೆ ಇಳಿದು ನಿಲ್ಲಬೇಕೆಂಬುದೂ ಪೂರ್ವನಿಶ್ಚಿತವಾದ ಸಂಗತಿಯೇ. ಹಸ್ತಕೌಶಲವನ್ನೂ ಅಳತೆಯ ಶಿಸ್ತನ್ನೂ ಕಲಿಸುವುದಕ್ಕೆ ಈ ಕ್ರಮ ಅವಶ್ಯವೆಂಬುದು ನಿಜ. ಆದರೆ ಗುರುವಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದರ ಇದಿರಿಗೆ ಗುರುಶಿಷ್ಯರಿಬ್ಬರೂ ಕೂಡಿ ನಿಲ್ಲುವ ಆ ಅಪೂರ್ವ ಅನುಭವ, ಅಂದರೆ ಸಂಶೋಧನೆಯ ಮೊದಲ ರುಚಿ, ನಮ್ಮ ಬಹುಪಾಲು ತರುಣರಿಗೆ ಎಂ.ಎಸ್ಸಿ. ಮುಗಿಯುವವರೆಗೂ ದೊರೆಯುವುದಿಲ್ಲ; ಅಷ್ಟು ಹೊತ್ತಿಗೆ ಅವರಲ್ಲಿ ಅನೇಕರ ಕುತೂಹಲ ಬತ್ತಿಹೋಗಿರುತ್ತದೆಂಬುದು ನನಗೆ ಬಹುಕಾಲದಿಂದಲೂ ವ್ಯಥೆಯ ವಿಷಯವಾಗಿದೆ.

ಈ ಕೊರತೆಯನ್ನು ಮನಗಂಡು ಅದರ ಪರಿಹಾರಕ್ಕೆ ಸ್ವತಃ ಶ್ರಮಿಸಿದವರಲ್ಲಿ ಅಗ್ರಗಣ್ಯರು ಸಿ. ಎನ್. ಆರ್. ರಾವ್. ಶ್ರೀನಿವಾಸಪುರಕ್ಕೆ ನೆರೆಯಾಗಿದ್ದು, 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿಯ ಹೆಸರು ಈ ವಿಜ್ಞಾನಿಯ ಪೂರ್ಣನಾಮದ ಆದಿಯಲ್ಲಿಯೇ ಇದೆ. 1934ರಲ್ಲಿ ಬೆಂಗಳೂರಿನಲ್ಲಿ ಜನಿಸಿ, 1951ರಲ್ಲಿ, ಹದಿನೇಳರ ವಯಸ್ಸಿಗೆ, ಸೆಂಟ್ರಲ್ ಕಾಲೇಜಿನಿಂದ ಬಿ.ಎಸ್ಸಿ. ಪದವಿಯನ್ನು ಪಡೆದ ಅವರು, ಕಾಶಿಯಲ್ಲಿ ಎಂ.ಎಸ್ಸಿ.ಯನ್ನೂ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟನ್ನೂ ಮುಗಿಸಿಕೊಂಡು, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಉಪನ್ಯಾಸಕರಾಗಿ ಹಿಂದಿರುಗಿದರು. ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ಅವರು ಗಳಿಸಿದ ಕೀರ್ತಿಯೂ, ಭಾರತರತ್ನ ಪ್ರಶಸ್ತಿಯೂ ಎಲ್ಲರೂ ಬಲ್ಲವೇ ಆದುದರಿಂದ ಅವುಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ನಾನು ಹೇಳಬೇಕೆಂದಿರುವುದು ಮತ್ತೊಂದು. 1989ರಲ್ಲಿ ಜವಾಹರಲಾಲ ನೆಹರೂ ಅವರ ಜನ್ಮಶತಾಬ್ದಿಯ ಸಂದರ್ಭದಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಜಕ್ಕೂರಿನಲ್ಲಿ ನೆಲೆಗೊಂಡ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರಕ್ಕೆ ರಾವ್ ಅವರೇ ಸ್ಥಾಪಕಾಧ್ಯಕ್ಷರು. ಪ್ರೌಢ ಸಂಶೋಧನೆಗೇ ಮೀಸಲಾಗಬಹುದಾಗಿದ್ದ ಆ ಕೇಂದ್ರದಲ್ಲಿ, ಬಿ.ಎಸ್ಸಿ.ಯ ಮೊದಲ ವರ್ಷವನ್ನಷ್ಟೇ ಮುಗಿಸಿದ ಕೆಲವರನ್ನು ಆಯ್ದು, ಒಂದಾದಮೇಲೊಂದರಂತೆ ಮೂರು ಬೇಸಗೆಗಳ ಕಾಲ ಅವರನ್ನು ಪ್ರಯೋಗಶಾಲೆಗೆ ಬರಮಾಡಿಕೊಂಡು, ಪಾಠದೊಡನೆ ಸ್ವಂತ ಸಂಶೋಧನೆಯನ್ನೂ ಮಾಡಿಸಿ, ಕಡೆಯಲ್ಲಿ ರಸಾಯನಶಾಸ್ತ್ರದ ಡಿಪ್ಲೊಮಾವನ್ನು ಕೊಡುವ ಒಂದು ವ್ಯವಸ್ಥೆ ಬೆಳೆದುಬಂದಿದೆ. ಜೀವವಿಜ್ಞಾನಕ್ಕೂ ಇಂಥದೇ ಏರ್ಪಾಡುಂಟು. ಒಂದೇ ಬೇಸಗೆಯಲ್ಲಿ ಬಂದುಹೋಗುವವರು ಉಪಕರಣಗಳ ಹೆಸರನ್ನು ಕಲಿತು ಹಿಂದಿರುಗುವರು. ಮೂರು ಬೇಸಗೆ ಬರುವವರಾದರೋ, ಮೊದಲ ವರ್ಷ ಕೆಟ್ಟುಹೋದ ಪ್ರಯೋಗ ಏಕೆ ಕೆಟ್ಟಿತೆಂಬುದನ್ನು ಮನೆಯಲ್ಲಿ ಕುಳಿತು ಚಿಂತಿಸಿ, ಎರಡನೆಯ ವರ್ಷ ಅದನ್ನು ತಿದ್ದಿ, ಮೂರನೆಯ ವರ್ಷ ಅದರಿಂದ ಹುಟ್ಟಿದ ಹೊಸ ಪ್ರಶ್ನೆಯನ್ನು ತಾವಾಗಿಯೇ ಕೇಳುವಷ್ಟು ಪಕ್ವರಾಗಲು ಅವಕಾಶವಿರುತ್ತದೆ. ಈ ಕಾಲಾವಕಾಶವೇ ಆ ವ್ಯವಸ್ಥೆಯ ಜೀವವೆಂದು ನನ್ನ ಭಾವನೆ.

ರಾವ್ ಅವರು ತಮ್ಮ ಪತ್ನಿ ಇಂದುಮತಿ ರಾವ್ ಅವರೊಡನೆ ಶಾಲಾಬಾಲಕರಿಗಾಗಿ ವಿಜ್ಞಾನದ ಪುಸ್ತಕಗಳನ್ನು ಬರೆದುದನ್ನೂ ಇದರೊಡನೆ ನೆನೆಯಬೇಕು. ಡಾಕ್ಟರೇಟಿಗೆ ಬಂದ ಪ್ರತಿಭಾವಂತರನ್ನು ತಿದ್ದುವವರು ಅನೇಕರಿರುವರು. ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ಮಕ್ಕಳಿಗಾಗಿ ತಮ್ಮ ಹೊತ್ತನ್ನು ವಿನಿಯೋಗಿಸುವ ಮೇಧಾವಿಗಳು ವಿರಳ.

ಆದರೆ ಜಕ್ಕೂರಿಗೆ ಆಯ್ಕೆಯಾಗುವವರು ಕೆಲವರೇ. ಉಳಿದವರ ಗತಿಯೇನು? ಅವರಿಗೆ ತಮ್ಮ ಊರಿನಲ್ಲಿಯೇ ಸಂಶೋಧನೆಯ ವಸ್ತು ಯಥೇಚ್ಛವಾಗಿದೆ ಎಂಬುದು ಈ ಸೀಮೆಯನ್ನು ಬಲ್ಲವರಿಗೆ ತಿಳಿಯದ ಮಾತಲ್ಲ. ಮಾಲೂರಿನ ಹೆಂಚು ಇಟ್ಟಿಗೆಗಳ ಜೇಡಿಮಣ್ಣು ಬೆಂಕಿಯಲ್ಲಿ ಕೆಂಪಾಗುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಶ್ರೀನಿವಾಸಪುರದ ಮಾವು ಮಾಗುವುದು ಎಥಿಲೀನ್ ಎಂಬ ಅನಿಲದ ಪ್ರೇರಣೆಯಿಂದ, ಅದರ ಬದಲು ಕ್ಯಾಲ್ಸಿಯಂ ಕಾರ್ಬೈಡನ್ನು ಬಳಸುವುದು ಕಾನೂನಿನಿಂದ ನಿಷಿದ್ಧ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಸಮೀಪದಲ್ಲಿ ಇಂದಿಗೂ ನಿಂತಿರುವ ಸೈನೈಡ್ ದಿಬ್ಬಗಳು ಅದಿರಿನಿಂದ ಚಿನ್ನವನ್ನು ಕರಗಿಸಿ ತೆಗೆದ ರಾಸಾಯನಿಕ ಕ್ರಿಯೆಯ ಶೇಷಗಳು.

ಎಲ್ಲಕ್ಕಿಂತ ಮಿಗಿಲಾದುದು ನೀರಿನ ಪ್ರಶ್ನೆ. ಕಣಶಿಲೆಯ ನೆಲದಲ್ಲಿ ಕೊಳವೆಬಾವಿಗಳು ಆಳಕ್ಕೆ ಇಳಿದಂತೆ, ಬಂಡೆಯೊಡನೆ ದೀರ್ಘಕಾಲ ಸಂಸರ್ಗದಲ್ಲಿದ್ದ ನೀರಿಗೆ ಫ್ಲೋರೈಡ್ ಸೇರುತ್ತದೆ. ಅದರ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದವರ ಹಲ್ಲು ಕಂದಾಗುವುದೂ, ಪ್ರಮಾಣ ಇನ್ನೂ ಹೆಚ್ಚಾದಲ್ಲಿ ಮೂಳೆಗಳು ಬಿಗಿದುಕೊಳ್ಳುವುದೂ ಉಂಟು. ಇದರ ಜೊತೆಗೆ, ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿದ ಮೇಲೆ ಪಕ್ಕದ ಬಾವಿಯಲ್ಲಿ ಫ್ಲೋರೈಡ್ ಇಳಿಯಿತೇ? ನೈಟ್ರೇಟ್ ಏರಿತೇ? ಇದನ್ನು ತಿಳಿಯಲು ಫ್ಲೋರೈಡ್ ಅಯಾನನ್ನು ಅಳೆಯುವ ಒಂದು ವಿದ್ಯುದ್ವಾರವೂ, ಮಳೆಗೆ ಮುಂಚೆ ಒಮ್ಮೆ, ಮಳೆಯ ತರುವಾಯ ಒಮ್ಮೆ, ವರ್ಷವರ್ಷವೂ ಅದೇ ಬಾವಿಗಳಿಂದ ನೀರನ್ನು ತರುವ ತಾಳ್ಮೆಯೂ ಬೇಕು. ಮುಳಬಾಗಿಲಿನ ಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿನಿಯು ತನ್ನ ಮನೆಯ ನೀರಿನ ಸೀಸೆಯನ್ನೇ ಜೊತೆಗೆ ತರಬಲ್ಲಳು. ಪಟಿಕ ಸುಣ್ಣಗಳನ್ನು ಬೆರೆಸಿ ಫ್ಲೋರೈಡನ್ನು ತೆಗೆಯುವ ನಲ್ಗೊಂಡ ವಿಧಾನ ಆ ನೀರಿಗೆ ಎಷ್ಟರಮಟ್ಟಿಗೆ ಒಪ್ಪುವುದೆಂದು ಪರೀಕ್ಷಿಸಬಲ್ಲಳು.

ಅಧ್ಯಾಪಕರು ಇದಕ್ಕಾಗಿ ವಾರದಲ್ಲಿ ಒಂದೆರಡು ಸಂಜೆಗಳನ್ನು ಬಿಟ್ಟುಕೊಡಬೇಕಾಗುವುದು, ಹೋದ ವರ್ಷದ ಅಳತೆಗಳನ್ನು ಜೋಪಾನವಾಗಿಟ್ಟು ಈ ವರ್ಷ ಸೇರಿದವರ ಕೈಗೆ ಒಪ್ಪಿಸಬೇಕಾಗುವುದು. ಕೋಲಾರದ ತಮಕದಲ್ಲಿ ಈಗ ಒಂದು ವಿಶ್ವವಿದ್ಯಾನಿಲಯವೇ ಇರುವಾಗ, ಅದರ ಅಧೀನದ ಕಾಲೇಜುಗಳು ತಂತಮ್ಮ ತಾಲ್ಲೂಕಿನ ಬಾವಿಗಳನ್ನು ಹಂಚಿಕೊಂಡು, ಒಂದೇ ವಿಧಾನದಿಂದ ಅಳೆದು, ಫಲಿತಾಂಶಗಳನ್ನು ಒಂದೆಡೆ ಕೂಡಿಸಲು ಅಡ್ಡಿಯೇನೂ ಇಲ್ಲ.