ಮಹಾಕ್ರೀಡೋತ್ಸವಗಳೂ ಸಾರ್ವಜನಿಕ ಪ್ರಯಾಣದ ಸಮತೆಯೂ

ಕ್ರೀಡೋತ್ಸವಗಳಿಗೆ ಬಸ್ಸು ರೈಲುಗಳನ್ನು ಅಣಿಗೊಳಿಸುವ ವಿಚಾರವು ಸಾಹಿತ್ಯಾಭ್ಯಾಸಿಗಳಿಗೆ ಹೊರಗಿನದೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ನಮ್ಮ ‘ಜಾತ್ರೆ’ ಎಂಬ ಶಬ್ದವು ಸಂಸ್ಕೃತದ ‘ಯಾತ್ರಾ’ ಎಂಬುದರ ತದ್ಭವವೆಂಬುದನ್ನು ನೆನೆದರೆ ಸಂಗತಿಯು ಬೇರೆಯಾಗುವುದು. ಜನ ಸೇರುವ ಉತ್ಸವಕ್ಕೆ ಹಿಂದಿನವರು ಅಲ್ಲಿಗೆ ಹೋಗುವ ಕ್ರಿಯೆಯ ಹೆಸರನ್ನೇ ಇಟ್ಟರು. ಇಂದಿನ ಅಂತರರಾಷ್ಟ್ರೀಯ ಪಂದ್ಯಗಳ ಏರ್ಪಾಡಿನಲ್ಲಾದರೋ ಕ್ರೀಡಾಂಗಣಕ್ಕೆ ಮೊದಲ ಸ್ಥಾನ, ಪ್ರಯಾಣಕ್ಕೆ ಕಡೆಯ ಸ್ಥಾನ.

ಪ್ರಯಾಣದಲ್ಲಿ ಸಮತೆ ಎಂದರೇನು? ಎಲ್ಲರಿಗೂ ಒಂದೇ ಬಗೆಯ ವಾಹನವನ್ನು ಒದಗಿಸುವುದೆಂದು ಸಾಮಾನ್ಯವಾಗಿ ತಿಳಿಯುವರು, ಅದು ಸಾಲದು. ಬಸ್ಸು ಬಾರದಿದ್ದರೆ ಸ್ವಂತ ಮೋಟಾರುಳ್ಳವನಿಗೆ ಏನೂ ಕೆಡದು. ಇಲ್ಲದವನಿಗೆ ಆ ರಾತ್ರಿಯು ನಿಲ್ದಾಣದ ಕಲ್ಲುಹಾಸಿನ ಮೇಲೆಯೇ ಕಳೆಯುವುದು. ಬೇರೆ ದಾರಿಯಿಲ್ಲದವನನ್ನು ಮುಂದಿಟ್ಟುಕೊಂಡು ಲೆಕ್ಕಹಾಕುವುದನ್ನೇ ಇಲ್ಲಿ ಸಮತೆಯೆಂದು ಕರೆದಿದೆ.

ವಿದೇಶಗಳಲ್ಲಿ ಕಂಡುಕೊಂಡ ಉಪಾಯಗಳಲ್ಲಿ ಮುಖ್ಯವಾದುದು ಪ್ರವೇಶದ ಟಿಕೆಟ್ಟಿನಲ್ಲಿಯೇ ಪ್ರಯಾಣದ ದರವನ್ನು ಅಡಕಮಾಡುವುದು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿಯೂ 2006ರಲ್ಲಿ ಜರ್ಮನಿಯಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲಿನಲ್ಲಿಯೂ ಹೀಗೆ ಮಾಡಿದರು. 2012ರಲ್ಲಿ ಲಂಡನ್ನಿನೊಳಗಿನ ಕ್ರೀಡೆಗಳ ಪ್ರೇಕ್ಷಕರಿಗೆ 1ರಿಂದ 9ರವರೆಗಿನ ದರವಲಯಗಳಲ್ಲಿ ಸಲ್ಲುವ ಒಂದು ದಿನದ ಪ್ರಯಾಣಪತ್ರವು ದೊರೆಯಿತು. ಪ್ಯಾರಿಸಿನವರು 2024ರಲ್ಲಿ ಬೇರೆ ಮಾರ್ಗವನ್ನು ಹಿಡಿದು, ಮೆಟ್ರೋವಿನ ಬಿಡಿ ಟಿಕೆಟ್ಟಿನ ಬೆಲೆಯನ್ನು ಹೆಚ್ಚುಕಡಮೆ ಇಮ್ಮಡಿಯಾಗಿ 4 ಯೂರೋಗಳಿಗೆ ಏರಿಸಿ, ತಿಂಗಳ ಪಾಸುಳ್ಳ ನಿವಾಸಿಗಳ ಮೇಲೆ ಹೊರೆ ಬೀಳದಂತೆ ನೋಡಿಕೊಂಡರು. ಅತಿಥಿಯೇ ವೆಚ್ಚವನ್ನು ಹೊರಲೆಂಬುದು ಅದರ ತಾತ್ಪರ್ಯ. ಎರಡೂ ಯುಕ್ತವೇ. ಆದರೆ ಎರಡೂ ನಗರದ ಎಲ್ಲೆಯೊಳಗಿನ ಮಾತು.

ನಮ್ಮ ನಾಡಿನಲ್ಲಿ ಎಷ್ಟೋ ಪ್ರೇಕ್ಷಕರು ಆ ಎಲ್ಲೆಯ ಆಚೆಯಿಂದ ಬರುವರು. ನಿದರ್ಶನಕ್ಕಾಗಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯನ್ನು ತೆಗೆದುಕೊಳ್ಳೋಣ. ರೈಲು ಈ ಊರನ್ನು ಮುಟ್ಟುವುದಿಲ್ಲ. ಚಾಮರಾಜನಗರದಿಂದ ಬರುವ ಹೆದ್ದಾರಿಯು ಇಲ್ಲಿಂದ ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರಗಳ ಮೇಲೆ ಬೆಂಗಳೂರನ್ನು ಸೇರುವುದು. ನೂರೈವತ್ತು ಕಿಲೋಮೀಟರುಗಳಿಗೆ ಕಡಮೆಯಿಲ್ಲದ ದಾರಿ.

2023ರ ನವೆಂಬರ್ 12ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತಕ್ಕೂ ನೆದರ್ಲೆಂಡ್ಸಿಗೂ ವಿಶ್ವಕಪ್ ಕ್ರಿಕೆಟ್ ಪಂದ್ಯವು ನಡೆಯಿತು. ಆ ವಿಶ್ವಕಪ್ಪಿನಲ್ಲಿ ಬೆಂಗಳೂರಿನ ಪಾಲಿಗೆ ಬಂದ ಐದು ಪಂದ್ಯಗಳಲ್ಲಿ ಅದು ಕಡೆಯದು. ಅಪರಾಹ್ನ 2 ಗಂಟೆಗೆ ಆರಂಭವಾದ ಆಟವು ಮುಗಿದುದು ರಾತ್ರಿಯಲ್ಲಿ. ಬರುವಾಗ ಜನರು ಹಲವು ಗಂಟೆಗಳಲ್ಲಿ ಹರಡಿಕೊಂಡು ಬರುವರು. ಹೋಗುವಾಗ ಅರ್ಧ ಗಂಟೆಯಲ್ಲಿ ಒಮ್ಮೆಲೇ ಹೊರಡುವರು. ಸುಮಾರು 35,000 ಮಂದಿ ಹಿಡಿಸುವ ಈ ಕ್ರೀಡಾಂಗಣದಿಂದ ಅರ್ಧದಷ್ಟು ಜನ ಮೆಟ್ರೋವನ್ನು ಆಶ್ರಯಿಸಿದರೂ, ಸುಮಾರು 2,000 ಮಂದಿಯನ್ನು ಹೊರಬಲ್ಲ ರೈಲುಗಳು ಒಂಬತ್ತು, ಅವೂ ಬರಿದಾಗಿಯೇ, ಬಂದು ನಿಲ್ಲಬೇಕು. ಆ ಸಂದಣಿಯನ್ನು ದಾಟಿ ಹೊರಊರಿನ ಬಸ್ಸನ್ನು ಹಿಡಿಯಬೇಕಾದವನ ರಾತ್ರಿಯು ಆಗ ಇನ್ನೂ ಆರಂಭವಾಗಿರುವುದಷ್ಟೆ. ಆದುದರಿಂದ ಯೋಜನೆಯನ್ನು ಕ್ರೀಡಾಂಗಣದ ಬಾಗಿಲಿನಿಂದಲ್ಲ, ಮರಳಿ ಇಳಿಯುವ ಕಡೆಯ ನಿಲ್ದಾಣದಿಂದ ಹಿಂದಕ್ಕೆ ಬರೆದುಕೊಂಡು ಬರುವುದು ಲೇಸು.

ಹೊರದಾರಿಯನ್ನು ಕುರಿತ ಮಾತು ಸೌಕರ್ಯಕ್ಕೆ ಮಾತ್ರ ಸಂಬಂಧಿಸಿದುದಲ್ಲ. 2025ರ ಜೂನ್ 4ರಂದು, ಪಂದ್ಯಕ್ಕಲ್ಲದೆ ವಿಜಯೋತ್ಸವವೊಂದಕ್ಕೆ ನೆರೆದ ಜನರಲ್ಲಿ ನೂಕುನುಗ್ಗಲುಂಟಾಗಿ ಇದೇ ಕ್ರೀಡಾಂಗಣದ ಹೊರಗೆ 11 ಮಂದಿ ಮಡಿದರು. ಆ ಸಂಜೆ ಸಮೀಪದ ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ಮೆಟ್ರೋವನ್ನು ನಿಲ್ಲಿಸದಂತೆ ಮಾಡಿದರು. ದುರಂತದ ಕಾರಣವಿಚಾರವು ಇಲ್ಲಿ ಪ್ರಕೃತವಲ್ಲ. ಹತ್ತಿರದ ನಿಲ್ದಾಣವನ್ನು ಮುಚ್ಚಿದರೆ ಹೊಸಬರು ಬರುವುದು ತಗ್ಗಬಹುದು. ಒಳಗಿರುವವರು ಹೊರಬೀಳುವ ದಾರಿಯು ಮಾತ್ರ ಉದ್ದವಾಗುವುದು, ಮಕ್ಕಳಿಗೂ ವೃದ್ಧರಿಗೂ ಕುಂಟುವವರಿಗೂ ಎಲ್ಲರಿಗಿಂತ ಉದ್ದವಾಗುವುದು. ಅದೇ ವರ್ಷದ ಮಹಿಳಾ ವಿಶ್ವಕಪ್ಪಿನಲ್ಲಿ ಬೆಂಗಳೂರಿಗೆ ಗೊತ್ತಾಗಿದ್ದ ಪಂದ್ಯಗಳು ಅನಂತರ ಬೇರೆಡೆಗೆ ವರ್ಗವಾದುವು.

ದರದ ವಿಚಾರದಲ್ಲಿ ನಮ್ಮಲ್ಲಿ ಒಂದು ವಿಶೇಷವುಂಟು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಂತೆ ಕರ್ನಾಟಕದ ಮಹಿಳೆಯರು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸಬಹುದಾಯಿತು. ಐರಾವತ, ರಾಜಹಂಸ ಮೊದಲಾದ ಐಷಾರಾಮದ ಬಸ್ಸುಗಳಿಗೂ ಮೆಟ್ರೋವಿಗೂ ಅದು ಅನ್ವಯಿಸಲಿಲ್ಲ. ಹೀಗಿರುವಲ್ಲಿ ಪಂದ್ಯದ ರಾತ್ರಿ ಯಾವ ದರ್ಜೆಯ ಬಸ್ಸನ್ನು ಬಿಡುವರೆಂಬುದು ಸಣ್ಣ ಸಂಗತಿಯಲ್ಲ. ಯಾರು ಬರಬಹುದು, ಯಾರು ಬರಲಾಗದು ಎಂಬ ನಿರ್ಣಯವು ಅದರೊಳಗೇ ಆಗಿಹೋಗಿರುವುದು.

ಇನ್ನು, ಪಂದ್ಯವನ್ನು ನೋಡಲು ಹೋಗದವರ ಮಾತು. ಆ ನವೆಂಬರ್ 12ನೆಯ ದಿನವು ನರಕಚತುರ್ದಶಿ. ದೀಪಾವಳಿಗೆ ಮಲೆಯ ಮಹದೇಶ್ವರನ ಬೆಟ್ಟದಲ್ಲಿಯೂ ಜಾತ್ರೆ ಸೇರುವುದು. ಸಂತೆಮರಹಳ್ಳಿಯಿಂದ ಬೆಟ್ಟಕ್ಕೆ ಹೊರಟವರೂ ಬೆಂಗಳೂರಿಗೆ ಹೊರಟವರೂ ಕೊಳ್ಳೇಗಾಲದವರೆಗೆ ಒಂದೇ ಹೆದ್ದಾರಿಯಲ್ಲಿ ಸಾಗಬೇಕು. ‘ವಿಶೇಷ ಬಸ್ಸು’ ಎಂಬುದು ಬಹುಮಟ್ಟಿಗೆ ಹೊಸದಾಗಿ ಹುಟ್ಟುವ ವಸ್ತುವಲ್ಲ. ಎಲ್ಲಿಯೋ ಓಡಬೇಕಾಗಿದ್ದ ಬಸ್ಸಿಗೆ ಹಲಗೆಯನ್ನು ಬದಲಿಸಿದುದು. ಉತ್ಸವದ ಮರುದಿನ ತರಗತಿಯಲ್ಲಿ ಹಳ್ಳಿಯ ಮಕ್ಕಳ ಸ್ಥಾನಗಳು ಬರಿದಾಗಿರುವುದನ್ನು ಕಂಡ ಉಪಾಧ್ಯಾಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದಕಾರಣ ತೆಗೆದ ಒಂದೊಂದು ಬಸ್ಸಿನ ಮುಂದೆಯೂ ಅದು ಯಾವ ಊರಿನ ಸರದಿಯದು, ಆ ಊರಿಗೆ ಅದರ ಬಳಿಕ ಬೇರೊಂದು ಬಸ್ಸುಂಟೆ ಎಂಬುದನ್ನು ಬರೆದಿಡಬೇಕು. ಇಲ್ಲವಾದರೆ ಅದನ್ನು ಮುಟ್ಟಬಾರದು. ಇದಕ್ಕೆ ವಿಶೇಷ ಪರಿಣತಿಯೇನೂ ಬೇಕಾಗದು. ಪಂದ್ಯಗಳ ದಿನಾಂಕಗಳು ತಿಂಗಳುಗಳ ಮೊದಲೇ ಪ್ರಕಟವಾಗುವುವು. ದೀಪಾವಳಿಯ ಅಮಾವಾಸ್ಯೆಯು ಪಂಚಾಂಗದಲ್ಲಿ ಯುಗಾದಿಗೇ ಅಚ್ಚಾಗಿರುವುದು.