ವಾರದ ನಡುವಣ ಊಟ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಹುಟ್ಟಿದ್ದು ಜನರೆಲ್ಲ ಮನೆಯಲ್ಲೇ ಉಣ್ಣುತ್ತಿದ್ದ ಕಾಲದಲ್ಲಿರಬೇಕು. ಮುಂಬಯಿಯಂಥ ನಗರದಲ್ಲಿ ಊಟ ಬಲ್ಲವನಾದರೆ ಸಾಲದು, ಹೋಟೆಲು ಬಲ್ಲವನೂ ಆಗಬೇಕು. ಭಾನುವಾರದ ಮಾತು ಬೇರೆ. ಅಂದು ಹೆಂಡತಿ ಮಕ್ಕಳೊಡನೆ ಹೊರಗೆ ಹೊರಟರೆ ಅದೊಂದು ವಿಹಾರ. ಊಟ ತಡವಾದರೂ, ಬಿಲ್ಲು ಕೊಂಚ ಭಾರವಾದರೂ ಯಾರೂ ಮುಖ ಗಂಟಿಕ್ಕುವುದಿಲ್ಲ. ಆದರೆ ಮಂಗಳವಾರವೋ ಬುಧವಾರವೋ ಕಚೇರಿಯ ಅರ್ಧ ಗಂಟೆಯ ಬಿಡುವಿನಲ್ಲಿ ಉಂಡು ಬರಬೇಕಾದವನಿಗೆ, ರಾತ್ರಿ ಎಂಟಕ್ಕೆ ಲೋಕಲ್ ಗಾಡಿಯಿಂದ ಇಳಿದು “ಇವತ್ತು ಒಲೆ ಹಚ್ಚುವುದು ಬೇಡ” ಎಂದುಕೊಳ್ಳುವ ದಂಪತಿಗಳಿಗೆ ಬೇಕಾದ ಹೋಟೆಲೇ ಬೇರೆ. ವರ್ಷಕ್ಕೊಮ್ಮೆ ಹೋಗುವ ಹೋಟೆಲಿನ ಆಯ್ಕೆ ತಪ್ಪಿದರೆ ಒಂದು ಸಂಜೆ ಕೆಟ್ಟೀತು. ವಾರಕ್ಕೆ ನಾಲ್ಕು ಸಲ ಉಣ್ಣುವ ಹೋಟೆಲಿನ ಆಯ್ಕೆ ತಪ್ಪಿದರೆ ಹೊಟ್ಟೆಯೂ ಕೆಡುತ್ತದೆ, ಸಂಬಳವೂ ಕರಗುತ್ತದೆ.

ಪ್ರತಿಯೊಂದು ಹೋಟೆಲಿಗೂ ಒಂದು ನಡುಗಂಬವಿರುತ್ತದೆ; ಉಳಿದದ್ದೆಲ್ಲ ಅದರ ಆಸರೆಯಲ್ಲಿ ನಿಂತಿರುತ್ತದೆ. ಈಚೆಗೆ ನಮ್ಮ ನಗರಗಳಲ್ಲಿ ವೈನನ್ನೇ ಮುಖ್ಯವಾಗಿಟ್ಟುಕೊಂಡ ಹೋಟೆಲುಗಳು ಬಂದಿವೆ. ನಾಸಿಕದ ದ್ರಾಕ್ಷಿಯದು, ನಮ್ಮ ನಂದಿಬೆಟ್ಟದ ಸೀಮೆಯದು, ಹೊರದೇಶದ್ದು ಎಂದು ಅಲ್ಲಿ ಪಟ್ಟಿ ಕೊಡುತ್ತಾರೆ. ತಿಂಡಿ ತೀರ್ಥಗಳನ್ನು ಆ ಪಟ್ಟಿಗೆ ಹೊಂದುವಂತೆ ಮಾಡಿರುತ್ತಾರೆ. ಇರಾನಿ ಹೋಟೆಲಿನ ಕಂಬ ಚಹಾ ಮತ್ತು ಪಾವು. ಉಡುಪಿ ಹೋಟೆಲು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿಯೂ ಎರಡು ಜಾತಿಗಳುಂಟು. ಒಂದು ತಿಂಡಿಯ ಹೋಟೆಲು: ಅದರ ಕಂಬ ಕಾಫಿ ಮತ್ತು ದೋಸೆಯ ಕಾವಲಿ. ಇನ್ನೊಂದು ಬೋರ್ಡಿಂಗು: ಅದರ ಕಂಬ ಅನ್ನ. ಮಧ್ಯಾಹ್ನದ ಹಸಿವಿಗೆ ತಿಂಡಿಯ ಹೋಟೆಲಿಗೆ ಹೋಗಿ “ಊಟ ಚೆನ್ನಾಗಿಲ್ಲ” ಎಂದು ದೂರುವುದು ಅಕ್ಕಸಾಲಿಗನ ಬಳಿ ಕುಡುಗೋಲು ಕೇಳಿದಂತೆ.

ಮಾಟುಂಗಾದಲ್ಲಿ ಈ ಎರಡು ಜಾತಿಗಳನ್ನೂ ಪಕ್ಕಪಕ್ಕದಲ್ಲಿ ನೋಡಬಹುದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿದೆ. 1939ರ ರಾಮ ಆಶ್ರಯ, 1940ರ ಕೆಫೆ ಮದ್ರಾಸ್ ತಿಂಡಿಗೆ ಹೆಸರಾದವು. ದಕ್ಷಿಣ ಕನ್ನಡದಿಂದ ಹುಡುಗನಾಗಿ ಮುಂಬಯಿಗೆ ಬಂದ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ರೈಲು ನಿಲ್ದಾಣದ ಹತ್ತಿರ, ಮಾರುಕಟ್ಟೆಯ ಕಟ್ಟಡದ ಮಹಡಿಯ ಮೇಲಿದೆ. ಅಲ್ಲಿ ಇಂದಿಗೂ ಬಾಳೆಯೆಲೆಯ ಮೇಲೆ ಊಟ ಬಡಿಸುತ್ತಾರೆ. ಬೋರ್ಡಿಂಗು ಎಂಬ ಹೆಸರನ್ನೇ ನೋಡಿ. ಸಂಸಾರವನ್ನು ಊರಿನಲ್ಲಿ ಬಿಟ್ಟು ಬಂದವರು, ಒಂದು ಕೋಣೆಯಲ್ಲಿ ಹಲವರು ಮಲಗುತ್ತಿದ್ದ ಬ್ರಹ್ಮಚಾರಿಗಳು ತಿಂಗಳ ಲೆಕ್ಕದಲ್ಲಿ ಹಣ ಕಟ್ಟಿ ಎರಡು ಹೊತ್ತು ಉಣ್ಣುತ್ತಿದ್ದ ಮನೆ ಅದು. ರುಚಿ ನೋಡಲು ಬರುವ ಅತಿಥಿಗಾಗಿ ಅದು ಹುಟ್ಟಲಿಲ್ಲ. ದಿನವೂ ಬರಲೇಬೇಕಾದವನಿಗಾಗಿ ಹುಟ್ಟಿತು. ಅದರ ಗುಣಗಳೆಲ್ಲ ಈ ಒಂದು ಸಂಗತಿಯಿಂದ ಬಂದವು. ದಿನವೂ ಉಣ್ಣುವವನಿಗೆ ಮಸಾಲೆ ಹೆಚ್ಚಾಗಬಾರದು, ನಿನ್ನೆಯ ಪಲ್ಯ ಇಂದು ಇರಬಾರದು, ಬೆಲೆ ಏರಬಾರದು, ಹೊತ್ತು ಮೀರಬಾರದು.

ಅಲ್ಲಿನ ಅವಸರವನ್ನು ಒರಟುತನವೆಂದು ಹೊಸಬರು ತಿಳಿಯುವುದುಂಟು. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ನಲವತ್ತು ಮಂದಿ ಕೂರುವ ಅಂಗಣ. ಹನ್ನೆರಡರಿಂದ ಮೂರರವರೆಗೆ ಊಟ. ಒಬ್ಬೊಬ್ಬರು 25 ನಿಮಿಷದಲ್ಲಿ ಎದ್ದರೆ ಏಳು ಪಂಕ್ತಿ, ಅಂದರೆ 280 ಊಟ. ಉಂಡಾದ ಮೇಲೆ ಹರಟೆ ಹೊಡೆಯುತ್ತ ಒಬ್ಬೊಬ್ಬರು ಒಂದು ಗಂಟೆ ಕುಳಿತರೆ ಮೂರೇ ಪಂಕ್ತಿ, 120 ಊಟ. ಬಾಡಿಗೆ ಅದೇ, ಭಟ್ಟರ ಸಂಬಳ ಅದೇ. ನಮ್ಮ ತಟ್ಟೆಯ ಬೆಲೆ ಕಡಮೆಯಾಗಿರುವುದು ಬೆನ್ನ ಹಿಂದೆ ಒಬ್ಬರು ಕಾಯುತ್ತಿರುವುದರಿಂದಲೇ.

ಇನ್ನು ಆರಿಸುವ ಬಗೆ. ಹೊಸ ಬಡಾವಣೆಗೆ ಮನೆ ಬದಲಿಸಿದವರು, ಹೊಸ ಕಚೇರಿಗೆ ವರ್ಗವಾದವರು ಮೊದಲು ಹನ್ನೆರಡೂವರೆಗೆ ಹೋಟೆಲಿನ ಬಾಗಿಲಲ್ಲಿ ಎರಡು ನಿಮಿಷ ನಿಂತು ನೋಡಲಿ. ಗಿರಾಕಿಗಳು ಪಟ್ಟಿ ನೋಡದೆ ಉಣ್ಣುತ್ತಿದ್ದರೆ, ಬಡಿಸುವವನು ಕೇಳದೆಯೇ ಒಬ್ಬರಿಗೆ ಮಜ್ಜಿಗೆ, ಇನ್ನೊಬ್ಬರಿಗೆ ಮೊಸರು ಇಡುತ್ತಿದ್ದರೆ ಅವರು ನಿತ್ಯದ ಗಿರಾಕಿಗಳು. ದಿನವೂ ಉಣ್ಣುವವನ ಹೊಟ್ಟೆಗಿಂತ ದೊಡ್ಡ ಪ್ರಮಾಣಪತ್ರವಿಲ್ಲ.

ಎರಡನೆಯದು ತಿನಿಸಿನ ಪಟ್ಟಿ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇಂದಿನ ಪಲ್ಯ ಇದು, ಹುಳಿ ಇದು ಎಂದು ನಾಲ್ಕು ಸಾಲು ಬರೆದಿದ್ದರೆ ನಿಶ್ಚಿಂತೆಯಿಂದ ಕುಳಿತುಕೊಳ್ಳಿ. ಇಡ್ಲಿಯಿಂದ ಚೀನೀ ನೂಡಲ್ಸಿನವರೆಗೆ ಎಂಟು ಪುಟದ ಪುಸ್ತಕ ಕೈಗೆ ಬಂದರೆ ಯೋಚಿಸಿ. ಒಂದು ಸಣ್ಣ ಅಡಿಗೆಮನೆಯಲ್ಲಿ ಇನ್ನೂರು ಬಗೆಯನ್ನು ಅಂದಂದೇ ಮಾಡುವುದು ಆಗದ ಮಾತು. ಮಾಡಿಟ್ಟ ಮೂರು ಬಣ್ಣದ ಗೊಜ್ಜುಗಳು ತಣ್ಣನೆಯ ಪೆಟ್ಟಿಗೆಯಿಂದ ಹೊರಬಂದು ಹೆಸರು ಬದಲಿಸಿಕೊಳ್ಳುತ್ತಿರಬಹುದು.

ಮೂರನೆಯದು ಸಾರು. ತೆಂಗಿನಕಾಯಿ ಮಸಾಲೆಯ ಮರೆಯಲ್ಲಿ ಹುಳಿ ತನ್ನ ವಯಸ್ಸನ್ನು ಬಚ್ಚಿಟ್ಟೀತು. ತಿಳಿಸಾರಿಗೆ ಆ ಮರೆಯಿಲ್ಲ. ಮತ್ತೆ ಮತ್ತೆ ಕಾಯಿಸಿದರೆ ಕೊತ್ತಂಬರಿ, ಇಂಗುಗಳ ಪರಿಮಳ ಹಾರಿಹೋಗಿ ಬರಿಯ ಖಾರ ಉಳಿಯುತ್ತದೆ. ನಾಲ್ಕನೆಯದು ಎಣ್ಣೆ. ಹಪ್ಪಳ ಕಪ್ಪಾಗಿದ್ದು ಪೂರಿ ಕಮಟು ವಾಸನೆ ಹೊಡೆಯುತ್ತಿದ್ದರೆ ಬಾಣಲೆಯ ಎಣ್ಣೆ ಹಳತೆಂದು ತಿಳಿಯಬೇಕು. ಕಾಯಿಸಿ ಕಾಯಿಸಿ ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಕೆಲವು ವಸ್ತುಗಳ ಮೊತ್ತ ನೂರಕ್ಕೆ 25 ಭಾಗವನ್ನು ಮೀರಿದರೆ ಅಂಥ ಎಣ್ಣೆಯನ್ನು ಬಳಸಬಾರದೆಂದು 2018ರ ಜುಲೈಯಿಂದ ನಿಯಮವೇ ಇದೆ. ಐದನೆಯದು ಕೈ ತೊಳೆಯುವ ಜಾಗ. ಅಡಿಗೆಮನೆಯೊಳಕ್ಕೆ ನಮ್ಮನ್ನು ಬಿಡುವುದಿಲ್ಲ. ಆದರೆ ಎಲ್ಲರ ಕಣ್ಣಿಗೂ ಬೀಳುವ ಜಾಗವನ್ನೇ ಚೊಕ್ಕಟವಾಗಿಡದವನು ಯಾರ ಕಣ್ಣಿಗೂ ಬೀಳದ ಜಾಗವನ್ನು ಹೇಗಿಟ್ಟಾನು?

ಕಡೆಯದು ಬಿಲ್ಲು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು 2022ರಿಂದ ಬಿಲ್ಲಿನ ಮೇಲೂ ಹಾಕಬೇಕು. ನಮ್ಮಂಥವರು ಹೋಗುವ ಸಾಮಾನ್ಯ ಹೋಟೆಲುಗಳಲ್ಲಿ ಜಿ.ಎಸ್.ಟಿ. ನೂರಕ್ಕೆ 5. ಕಾಂಪೊಸಿಷನ್ ಯೋಜನೆಗೆ ಸೇರಿದ ಸಣ್ಣ ಹೋಟೆಲಿನವರು ಈ ತೆರಿಗೆಯನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಸೂಚಿಸಿತು. ದೆಹಲಿ ಉಚ್ಚ ನ್ಯಾಯಾಲಯ 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು. ಸೇರಿಸಿದ್ದರೆ ತೆಗೆಯಿರೆಂದು ಮೆಲ್ಲನೆ ಹೇಳಬಹುದು. ಬಡಿಸಿದ ಹುಡುಗನಿಗೆ ಪ್ರೀತಿಯಿಂದ ಕೊಡುವ ಹತ್ತು ರೂಪಾಯಿಯ ಮಾತು ಬೇರೆ.

ಇಷ್ಟೆಲ್ಲ ಹೇಳುತ್ತಿರುವುದು ನಾಲಗೆಯ ಸುಖಕ್ಕಾಗಿ ಮಾತ್ರವಲ್ಲ. ಬೋರ್ಡಿಂಗುಗಳು ಕಡಮೆಯಾಗುತ್ತಿವೆ. ಅನ್ನದ ತಟ್ಟೆಯ ಲಾಭ ಬಹಳ ತೆಳ್ಳಗಿನದು; ಅದೇ ಅಂಗಣದಲ್ಲಿ ಪರ್ಮಿಟ್ ರೂಮು ತೆರೆದರೆ ಗಿರಾಕಿ ಎರಡು ಗಂಟೆ ಕುಳಿತರೂ ಅವನ ಬಿಲ್ಲು ಹತ್ತು ಊಟಗಳಷ್ಟಾದೀತು. ನಮ್ಮ ಕರಾವಳಿಯ ಹೋಟೆಲುಗಾರರು ಅನೇಕರು ಆ ದಾರಿ ಹಿಡಿದರು. ಅವರನ್ನು ಹಳಿದು ಫಲವಿಲ್ಲ. ಅವರೂ ಮಕ್ಕಳನ್ನು ಓದಿಸಬೇಕು. ಓದಿದ ಮಕ್ಕಳು ಗಲ್ಲಾದ ಮೇಲೆ ಕೂರಲು ಒಲ್ಲರು. ಹಿಂದೆ ಉಡುಪಿ, ಕುಂದಾಪುರದ ಕಡೆಯ ಹುಡುಗರು ಹಗಲು ಲೋಟ ತೊಳೆದು ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತರು. ಇಂದು ಒಡಿಶಾ, ಬಂಗಾಳ, ನೇಪಾಳದ ಹುಡುಗರು ಬಡಿಸುತ್ತಾರೆ. ಮನೆ ಬಿಟ್ಟು ಬಂದವರ ಅನ್ನವನ್ನು ಮನೆ ಬಿಟ್ಟು ಬಂದವರೇ ಬಡಿಸುವ ಪದ್ಧತಿ ಮಾತ್ರ ಬದಲಾಗಿಲ್ಲ.

ನಾವು ಊರಿನ ನೆನಪಾದಾಗ ಎಂಟು ತಿಂಗಳಿಗೊಮ್ಮೆ ನೆಂಟರನ್ನು ಕರೆದುಕೊಂಡು ಹೋಗಿ, ಬಾಳೆಯೆಲೆಯ ಚಿತ್ರ ತೆಗೆದುಕೊಂಡು ಬಂದರೆ ಬೋರ್ಡಿಂಗು ಬದುಕುವುದಿಲ್ಲ. ಸೋಮವಾರದಿಂದ ಶನಿವಾರದವರೆಗಿನ ಮಧ್ಯಾಹ್ನದ ಪಂಕ್ತಿಗಳೇ ಅದರ ಉಸಿರು. ಮನೆಯ ಬಳಿ, ಕಚೇರಿಯ ಬಳಿ ಒಂದನ್ನು ಪರೀಕ್ಷಿಸಿ ಆರಿಸಿಕೊಂಡು, ವಾರದ ನಡುವೆ ಒಂದೆರಡು ದಿನವಾದರೂ ಅಲ್ಲಿ ಉಣ್ಣುವುದು ನಮಗೂ ಹಿತ, ಅದಕ್ಕೂ ಹಿತ. ಈ ವರ್ಷವೂ ಧಾರವಾಡದಿಂದಲೋ ಹಾಸನದಿಂದಲೋ ಒಬ್ಬ ಹುಡುಗ ಮೊದಲ ನೌಕರಿಗೆಂದು ದಾದರಿನಲ್ಲಿ ಇಳಿಯುತ್ತಾನೆ. ಅವನಿಗೆ ಕೋಣೆ ಹೇಗಾದರೂ ಸಿಕ್ಕೀತು. ಬಿಸಿ ಅನ್ನ, ತಿಳಿಸಾರು, ಎರಡನೆಯ ಸಲ “ಇನ್ನೂ ಸ್ವಲ್ಪ ಹಾಕಲೇ?” ಎಂದು ಕೇಳುವ ಒಂದು ದನಿ ಎಲ್ಲಿ ಸಿಗುತ್ತದೆಂದು ಅವನಿಗೆ ಹೇಳಲು ನಮ್ಮಲ್ಲಿ ಒಂದು ವಿಳಾಸವಾದರೂ ಇರಬೇಕು.

ಸಂಘದ ಸದಸ್ಯರು ತಂತಮ್ಮ ಬಡಾವಣೆಯ ಇಂಥ ಊಟದ ಮನೆಗಳ ಹೆಸರು, ಊಟದ ಹೊತ್ತು, ತಟ್ಟೆಯ ಬೆಲೆಗಳನ್ನು ಒಂದು ಕಾಗದದಲ್ಲಿ ಬರೆದು ಸಂಪಾದಕರಿಗೆ ಕಳಿಸಿದರೆ, ಮುಂದಿನ ಸಂಚಿಕೆಯಲ್ಲಿ ಒಂದು ಪಟ್ಟಿ ಅಚ್ಚಾದೀತು. ಹೊಸಬರಿಗೆ ಸಂಘ ಮಾಡಬಹುದಾದ ಉಪಕಾರಗಳಲ್ಲಿ ಅದು ಚಿಕ್ಕದೇನಲ್ಲ.